ಯಾರು ಗೆದ್ದರೂ ಅದೇ ಹಾಡು

ಎಲ್ಲರಿಗೂ ನಮಸ್ಕಾರ. ಇವತ್ತು ಮುಖ್ಯವಾಗಿ ಒಂದೇ ಹಾಡಿನ ಬಗ್ಗೆ, ಲೆನರ್ಡ್ ಕೋಹೆನ್ ಅವರ 'ಹಲ್ಲೆಲೂಯ' ಬಗ್ಗೆ, ಮಾತಾಡಬೇಕು ಅಂತ ಬಂದಿದ್ದೇನೆ. ಆದರೆ ಅದಕ್ಕೆ ಮೊದಲು ಒಂದು ಪದ್ಧತಿಯನ್ನು ಹೇಳಿಬಿಡುತ್ತೇನೆ. ಅದು ಗೊತ್ತಿದ್ದರೆ ಆ ಹಾಡಿಗೆ ಏನಾಯಿತು ಅನ್ನುವುದು ಸುಲಭವಾಗಿ ಅರ್ಥವಾಗುತ್ತದೆ.

2000ರ ದಶಕದಲ್ಲಿ ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಟಿವಿಯ ಗಾಯನ ಸ್ಪರ್ಧೆ ಗೆದ್ದವರಿಗೆ ಸಿಗುತ್ತಿದ್ದ ದೊಡ್ಡ ಬಹುಮಾನ ಅಂದರೆ ರೆಕಾರ್ಡ್ ಕಂಪನಿಯ ಒಪ್ಪಂದ. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಅವರ ಮೊದಲ ಹಾಡು ಮಾರಾಟಕ್ಕೆ ಬರುತ್ತಿತ್ತು. ಇದಕ್ಕೆ 'ವಿನ್ನರ್ಸ್ ಸಿಂಗಲ್', ಅಂದರೆ ಬಿಡಿಯಾಗಿ ಮಾರುವ ಗೆದ್ದವರ ಹಾಡು, ಅನ್ನುತ್ತಾರೆ. ವೋಟು ಹಾಕಿದ ಜನರ ಉತ್ಸಾಹ ಆರುವ ಮೊದಲೇ ಹಾಡು ಅಂಗಡಿಯಲ್ಲಿರಬೇಕಿತ್ತು. ಹಾಗಾದರೆ ರೆಕಾರ್ಡಿಂಗ್ ಯಾವಾಗ? ಫೈನಲ್‌ಗೆ ಮೊದಲೇ. ಆಗ ಗೆಲ್ಲುವವರು ಯಾರು ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಕೊನೆಯ ಹಂತಕ್ಕೆ ಬಂದವರೆಲ್ಲರ ಕೈಲೂ ಒಂದೇ ಹಾಡನ್ನು ಹಾಡಿಸಿ ಇಟ್ಟುಕೊಳ್ಳುತ್ತಿದ್ದರು. ಗೆದ್ದವರದ್ದು ಹೊರಗೆ ಬರುತ್ತಿತ್ತು, ಸೋತವರದ್ದು ಒಳಗೇ ಉಳಿಯುತ್ತಿತ್ತು.

ನಮ್ಮ 'ಎದೆ ತುಂಬಿ ಹಾಡುವೆನು', 'ಸರಿಗಮಪ' ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಸ್ಪರ್ಧಿಗಳು ಹಾಡುವುದು ಹೆಚ್ಚಾಗಿ ಸಿನಿಮಾ ಹಾಡು. ಗೆದ್ದವರ ಆಸೆ ಹಿನ್ನೆಲೆ ಗಾಯನದ ಅವಕಾಶ. 'ಇದು ಗೆದ್ದವರ ಹಾಡು' ಅಂತ ಒಂದನ್ನು ಮೊದಲೇ ತಯಾರು ಮಾಡಿಡುವ ರೂಢಿ ನಮಗೆ ಅಷ್ಟಾಗಿ ಪರಿಚಯವಿಲ್ಲ.

ಈಗ ಯೋಚನೆ ಮಾಡಿ. ಗೆಲ್ಲುವುದು ಒಬ್ಬ ಹುಡುಗ ಇರಬಹುದು, ಹುಡುಗಿ ಇರಬಹುದು, ನಾಲ್ಕು ಜನರ ತಂಡವೂ ಇರಬಹುದು. ಎಲ್ಲರ ಗಂಟಲಿಗೂ ಹೊಂದಬೇಕು. ಎಲ್ಲರ ಬಾಯಲ್ಲೂ ಮಾತು ಒಪ್ಪಬೇಕು. ಅಳತೆ ತೆಗೆಯದೆ, ಯಾರಿಗಾದರೂ ಆಗಲಿ ಅಂತ ಹೊಲಿದ ರವಿಕೆಯ ಹಾಗೆ. ಅದಕ್ಕೇ ಈ ಹಾಡುಗಳಲ್ಲಿ ಊರಿನ ಹೆಸರು ಇರುವುದಿಲ್ಲ, ಒಬ್ಬರ ಬದುಕಿನ ವಿವರ ಇರುವುದಿಲ್ಲ. ಪ್ರೀತಿ, ಕನಸು, ಕಾಯುವುದು, ಕೊನೆಗೆ ಸಿಗುವುದು, ಇಷ್ಟೇ. ಲಯ ನಿಧಾನ. ಮೊದಲು ಮೆಲ್ಲಗೆ, ಕೊನೆಗೆ ಜೋರಾಗಿ.

ಇಂಥ ಹಾಡು ಬರೆಯುವುದರಲ್ಲಿ ಪಳಗಿದವರು ಯೋರ್ಗನ್ ಎಲೋಫ್ಸನ್ ಎಂಬ ಸ್ವೀಡನ್ನಿನ ಗೀತರಚನೆಕಾರರು. 2002ರ ಎರಡು ದೊಡ್ಡ ಗೆಲುವಿನ ಹಾಡುಗಳಲ್ಲೂ ಅವರ ಕೈ ಇದೆ. ಒಂದು 'ಎವರ್‌ಗ್ರೀನ್'. ಇದನ್ನು ವೆಸ್ಟ್‌ಲೈಫ್ ಎಂಬ ಐರಿಷ್ ತಂಡ 2001ರ ಕೊನೆಯಲ್ಲಿ ಬಂದ ತನ್ನ ಆಲ್ಬಮ್ಮಿನಲ್ಲಿ ಆಗಲೇ ಹಾಡಿತ್ತು. ಆಲ್ಬಮ್ಮಿನ ಹತ್ತಾರು ಹಾಡುಗಳಲ್ಲಿ ಅದೂ ಒಂದು, ಅಷ್ಟೇ. ಅದನ್ನೇ ಎತ್ತಿಕೊಂಡು ಬ್ರಿಟನ್ನಿನ 'ಪಾಪ್ ಐಡಲ್' ಫೈನಲ್‌ಗೆ ಬಂದ ವಿಲ್ ಯಂಗ್ ಮತ್ತು ಗ್ಯಾರೆತ್ ಗೇಟ್ಸ್ ಇಬ್ಬರಿಂದಲೂ ಹಾಡಿಸಿದರು. ಫೆಬ್ರವರಿ 9ರಂದು ವಿಲ್ ಯಂಗ್ ಗೆದ್ದರು. ಅದೇ ತಿಂಗಳ 25ಕ್ಕೆ ಹಾಡು ಬಿಡುಗಡೆ. ಮೊದಲ ವಾರವೇ 11 ಲಕ್ಷಕ್ಕೂ ಜಾಸ್ತಿ ಪ್ರತಿ ಹೋದವು. 2000ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಅದೇ.

ಇನ್ನೊಂದು 'ಎ ಮೊಮೆಂಟ್ ಲೈಕ್ ದಿಸ್'. ಇದನ್ನು ಎಲೋಫ್ಸನ್ ಮತ್ತು ಜಾನ್ ರೀಡ್ ಸೇರಿ ಬರೆದರು. 'ಅಮೆರಿಕನ್ ಐಡಲ್' ಮೊದಲ ಸಲ ನಡೆದಾಗ ಗೆದ್ದ ಕೆಲ್ಲಿ ಕ್ಲಾರ್ಕ್‌ಸನ್ ಅವರ ಮೊದಲ ಸಿಂಗಲ್‌ಗಳಲ್ಲಿ ಇದು ಒಂದು. ಅಮೆರಿಕದ ಹಾಡುಗಳ ಪಟ್ಟಿಯಲ್ಲಿ 52ನೇ ಸ್ಥಾನದಿಂದ ಒಂದೇ ವಾರದಲ್ಲಿ ಮೊದಲನೇ ಸ್ಥಾನಕ್ಕೆ ಜಿಗಿಯಿತು. 1964ರಲ್ಲಿ ಬೀಟಲ್ಸ್ 27ರಿಂದ 1ಕ್ಕೆ ಬಂದದ್ದು ಅಲ್ಲಿಯವರೆಗಿನ ದಾಖಲೆ. ನಾಲ್ಕು ವರ್ಷದ ನಂತರ, 2006ರಲ್ಲಿ, ಬ್ರಿಟನ್ನಿನ 'ಎಕ್ಸ್ ಫ್ಯಾಕ್ಟರ್' ಗೆದ್ದ ಲಿಯೋನಾ ಲೂಯಿಸ್ ಕೈಲಿ ಅದೇ ಹಾಡನ್ನು ಮತ್ತೆ ಹಾಡಿಸಿದರು. ಮೊದಲ ಅರ್ಧ ಗಂಟೆಯಲ್ಲೇ 50,000 ಡೌನ್‌ಲೋಡ್ ಆಯಿತು. ಕ್ರಿಸ್‌ಮಸ್ ವಾರದ ಮೊದಲ ಸ್ಥಾನವೂ ಸಿಕ್ಕಿತು.

ಈ ಹಾಡಿನ ಜಾಣತನವನ್ನು ಗಮನಿಸಿ. ಮಾತುಗಳೆಲ್ಲ ಪ್ರೇಮದ ಬಗ್ಗೆ. ಇಂಥದೊಂದು ಗಳಿಗೆಗಾಗಿ ಕೆಲವರು ಇಡೀ ಜೀವಮಾನ ಕಾಯುತ್ತಾರೆ ಅನ್ನುವುದು ಅದರ ಪಲ್ಲವಿ. ರೇಡಿಯೋದಲ್ಲಿ ಕೇಳಿದರೆ ಪ್ರೇಮಗೀತೆ. ಆದರೆ ತಲೆ ಮೇಲೆ ಬಣ್ಣದ ಕಾಗದದ ಚೂರು ಬೀಳುತ್ತಿರುವಾಗ, ಈಗಷ್ಟೇ ಗೆದ್ದ ಹುಡುಗಿ ಅಳುತ್ತಾ ಹಾಡಿದರೆ? ಅದು ಗೆಲುವಿನ ಬಗ್ಗೆಯೇ ಬರೆದ ಹಾಗೆ ಕೇಳಿಸುತ್ತದೆ. ಎರಡು ಕಡೆಗೂ ಸಲ್ಲುವಂತೆ ಬರೆಯುವುದು ಸುಲಭದ ಕೆಲಸವಲ್ಲ. ಇಂಥ ಹಾಡುಗಳನ್ನು ಕಾರ್ಖಾನೆ ಮಾಲು ಅಂತ ಬೈಯುವವರನ್ನು ಕಂಡಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಆ ಕೆಲಸಕ್ಕೆ ಅಂತಲೇ ಮಾಡಿದ ಹಾಡುಗಳು ಅವು, ಆ ಕೆಲಸವನ್ನು ಚೆನ್ನಾಗಿ ಮಾಡುತ್ತವೆ.

ತೊಂದರೆ ಶುರುವಾಗುವುದು ಆ ಕೆಲಸಕ್ಕೆ ಅಂತ ಹುಟ್ಟದೇ ಇದ್ದ ಹಾಡನ್ನು ಅಲ್ಲಿಗೆ ಎಳೆದು ತಂದಾಗ. 2008ರಲ್ಲಿ ಆದದ್ದು ಅದೇ. ನಾನು ಹೇಳಲು ಬಂದ ಹಾಡು ಲೆನರ್ಡ್ ಕೋಹೆನ್ ಅವರ 'ಹಲ್ಲೆಲೂಯ'. ದೇವರಿಗೆ ಸ್ತೋತ್ರ ಅನ್ನುವ ಅರ್ಥದ ಹೀಬ್ರೂ ಪದ ಅದು.

ಕೋಹೆನ್ ಕೆನಡಾದ ಮಾಂಟ್ರಿಯಲ್‌ನವರು. ಮೊದಲು ಕವಿ, ಕಾದಂಬರಿಕಾರ. ಆಮೇಲೆ ಗಾಯಕ. ಈ ಹಾಡನ್ನು ಅವರು ವರ್ಷಗಟ್ಟಲೆ ಬರೆದರು. ನೋಟ್‌ಬುಕ್ ತುಂಬ ಚರಣಗಳು, ಬರೆದದ್ದು, ಹೊಡೆದು ಹಾಕಿದ್ದು. ನ್ಯೂಯಾರ್ಕಿನ ಹೋಟೆಲ್ ಕೋಣೆಯಲ್ಲಿ ಒಳಉಡುಪಿನಲ್ಲಿ ಕೂತು, ಮುಗಿಸಲಾಗದೆ ತಲೆಯನ್ನು ನೆಲಕ್ಕೆ ಚಚ್ಚಿಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ 1984ರ 'ವೇರಿಯಸ್ ಪೊಸಿಷನ್ಸ್' ಆಲ್ಬಮ್ಮಿನಲ್ಲಿ ಅದು ಬಂತು. ಬಂತು ಅನ್ನುವುದೂ ಪೂರ್ತಿ ಸರಿಯಲ್ಲ. ಅವರ ಕಂಪನಿ ಕೊಲಂಬಿಯಾ ಆ ಆಲ್ಬಮ್ಮನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಒಪ್ಪಲೇ ಇಲ್ಲ. ಅಲ್ಲಿ ಅದನ್ನು ತಂದದ್ದು ಒಂದು ಸಣ್ಣ ಕಂಪನಿ.

ಹಾಡಿನ ಒಳಗೆ ಸ್ವಲ್ಪ ಹೋಗೋಣ. ಶುರುವಿನಲ್ಲಿ ಬೈಬಲ್ಲಿನ ರಾಜ ದಾವೀದ ಬರುತ್ತಾನೆ. ಕಿನ್ನರಿ ನುಡಿಸುತ್ತಿದ್ದವನು, ದೇವರಿಗೆ ಮೆಚ್ಚಿನವನು. ಮುಂದೆ ಅವನೇ ಮಾಳಿಗೆಯ ಮೇಲಿಂದ ಸ್ನಾನ ಮಾಡುತ್ತಿದ್ದ ಬತ್ಷೆಬೆಯನ್ನು ನೋಡಿ ಜಾರಿದವನು. ಜೊತೆಗೆ ಸಂಸೋನ ಮತ್ತು ದೆಲೀಲಳ ಕಥೆಯೂ ಬೆರೆಯುತ್ತದೆ, ಕೂದಲು ಕತ್ತರಿಸಿಕೊಂಡು ಶಕ್ತಿ ಕಳೆದುಕೊಂಡವನ ಕಥೆ. ಅಂದರೆ ಇದು ಗೆದ್ದವರ ಹಾಡಲ್ಲ. ಬಿದ್ದವರು, ಬಿದ್ದ ಜಾಗದಲ್ಲೇ ಕೂತು ದೇವರನ್ನು ಹೊಗಳುವ ಹಾಡು.

ಸಂಗೀತವೂ ಹಾಗೇ ಇದೆ. ಲಯ ನಮ್ಮ ತಿಶ್ರ ನಡೆಯಂತೆ ಮೂರು ಮೂರಾಗಿ ತೂಗುತ್ತದೆ. ಮೊದಲ ಚರಣದಲ್ಲಿ ಒಂದು ಸೊಗಸಾದ ಜಾಗವಿದೆ. ಅಲ್ಲಿ ಹಾಡು ತನ್ನದೇ ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಹೆಸರು ಹೇಳುತ್ತಾ ಹೋಗುತ್ತದೆ. ನಾಲ್ಕನೆಯದು ಎಂಬ ಮಾತು ಬಂದಾಗ ವಾದ್ಯ ಮಧ್ಯಮದ ಕಾರ್ಡಿಗೆ ಹೋಗುತ್ತದೆ. ಐದನೆಯದು ಅಂದಾಗ ಪಂಚಮದ ಕಾರ್ಡಿಗೆ. ಮೈನರ್, ಅಂದರೆ ತುಸು ದುಃಖದ ಛಾಯೆಯ ಕಾರ್ಡ್, ಬೀಳುತ್ತದೆ ಅಂದಾಗ ಧೈವತದ ಮೇಲೆ ಕೂತ ಮೈನರ್ ಕಾರ್ಡ್. ಮೇಜರ್, ಅಂದರೆ ಉಲ್ಲಾಸದ ಛಾಯೆಯದು, ಏಳುತ್ತದೆ ಅಂದಾಗ ತಿರುಗಿ ಮಧ್ಯಮ. ಇಷ್ಟೂ ಹೊತ್ತು ಧಾಟಿ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಸ್ವರ ಮೇಲೇರಿ, 'ಹಲ್ಲೆಲೂಯ' ಎಂಬ ಪದಕ್ಕೆ ಬಂದು ತುದಿ ಮುಟ್ಟುತ್ತದೆ. ಕೀಬೋರ್ಡ್ ಇರುವವರು ಮನೆಗೆ ಹೋಗಿ ನುಡಿಸಿ ನೋಡಿ. ಮಾತು ಯಾವುದು, ಸ್ವರ ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ.

ಈ ಏರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಹಾಡು ಸುಮಾರು ವರ್ಷ ಯಾರ ಗಮನಕ್ಕೂ ಬರದೆ ಇತ್ತು. ಕೋಹೆನ್ ಕೂಡ ಅದನ್ನು ಒಂದೇ ರೂಪದಲ್ಲಿ ಹಿಡಿದಿಟ್ಟಿರಲಿಲ್ಲ. 80ರ ದಶಕದ ಕೊನೆಯ ಹೊತ್ತಿಗೆ ವೇದಿಕೆಯಲ್ಲಿ ಬೇರೆಯದೇ ಚರಣಗಳನ್ನು ಹಾಡುತ್ತಿದ್ದರು. ಜಾನ್ ಕೇಲ್ ಎಂಬ ವೇಲ್ಸ್‌ನ ಸಂಗೀತಗಾರರು ಇದನ್ನು ಹಾಡಬೇಕು ಅಂತ ಸಾಹಿತ್ಯ ಕೇಳಿದಾಗ ಕೋಹೆನ್ ಹದಿನೈದು ಪುಟ ಫ್ಯಾಕ್ಸ್ ಮಾಡಿದರಂತೆ. ಕೇಲ್ ಅದರಲ್ಲಿ ತಮಗೆ ಒಪ್ಪುವ ಚರಣಗಳನ್ನು ಆರಿಸಿಕೊಂಡು, ಪಿಯಾನೋ ಒಂದನ್ನೇ ಇಟ್ಟುಕೊಂಡು 1991ರಲ್ಲಿ ಹಾಡಿದರು. ಮುಂದೆ ಬಂದವರೆಲ್ಲ ಹೆಚ್ಚಾಗಿ ನಡೆದದ್ದು ಕೇಲ್ ಹಾಕಿದ ದಾರಿಯಲ್ಲೇ.

ಅವರಲ್ಲಿ ಜೆಫ್ ಬಕ್ಲಿ ಒಬ್ಬರು. ನ್ಯೂಯಾರ್ಕಿನ ಈಸ್ಟ್ ವಿಲೇಜ್‌ನಲ್ಲಿ ಶಿನೇ ಎಂಬ ಪುಟ್ಟ ಕಾಫಿ ಅಂಗಡಿ ಇತ್ತು. ಬಕ್ಲಿ ಅಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಒಬ್ಬರೇ ಹಾಡುತ್ತಿದ್ದರು. ಲೋಟ ತಟ್ಟೆಗಳ ಸದ್ದಿನ ನಡುವೆ ಈ ಹಾಡನ್ನು ಹಾಡಿ ಹಾಡಿ ಪಳಗಿಸಿಕೊಂಡರು. ಆಮೇಲೆ 1994ರ 'ಗ್ರೇಸ್' ಆಲ್ಬಮ್ಮಿಗೆ ರೆಕಾರ್ಡ್ ಮಾಡಿದರು. ಈಗ ಅದರ ಮೊದಲ ಒಂದು ನಿಮಿಷ ಹಾಕುತ್ತೇನೆ, ಕಣ್ಣು ಮುಚ್ಚಿ ಕೇಳಿ.

(ಸಭೆಯಲ್ಲಿ ಹಾಡಿನ ಶುರುವಿನ ಭಾಗ ಕೇಳಿಸಲಾಯಿತು.)

ಮೊಟ್ಟಮೊದಲು ಏನು ಕೇಳಿಸಿತು? ಗಿಟಾರ್ ಅಲ್ಲ. ಒಂದು ಉಸಿರು. ಹಾಡುವ ಮೊದಲು ಎದೆಯಲ್ಲಿದ್ದ ಗಾಳಿಯನ್ನು ಹೊರಗೆ ಬಿಟ್ಟ ಸದ್ದು. ಅದನ್ನು ಕತ್ತರಿಸಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ಇಡೀ ದಿನ ದುಡಿದು ಬಂದವರು ಕುರ್ಚಿಯಲ್ಲಿ ಕೂತಾಗ ಬಿಡುತ್ತಾರಲ್ಲ, ಅಂಥ ಉಸಿರು. ಅಲ್ಲಿಂದ ಮುಂದೆ ಸುಮಾರು ಏಳು ನಿಮಿಷ, ಗಿಟಾರ್ ಮತ್ತು ಒಂದು ಗಂಟಲು ಬಿಟ್ಟರೆ ಬೇರೇನೂ ಇಲ್ಲ. ಬಕ್ಲಿ 1997ರ ಮೇ ತಿಂಗಳಲ್ಲಿ ಮೆಂಫಿಸ್ ಹತ್ತಿರ ನದಿಯಲ್ಲಿ ಮುಳುಗಿ ತೀರಿಕೊಂಡರು. ಆಗ ಅವರಿಗೆ ಬರೀ 30 ವರ್ಷ. ಅವರು ಹೋದ ಮೇಲೆ ಈ ಹಾಡು ಅವರ ನೆನಪಿಗೇ ಅಂಟಿಕೊಂಡುಬಿಟ್ಟಿತು. 2001ರಲ್ಲಿ 'ಶ್ರೆಕ್' ಎಂಬ ಕಾರ್ಟೂನ್ ಸಿನಿಮಾದಲ್ಲಿ ಕೇಲ್ ಹಾಡಿದ್ದು ಬಂದು ಮಕ್ಕಳ ಕಿವಿಗೂ ಬಿತ್ತು. 2008ರ ಮಾರ್ಚಿನಲ್ಲಿ 'ಅಮೆರಿಕನ್ ಐಡಲ್' ಸ್ಪರ್ಧಿ ಜೇಸನ್ ಕ್ಯಾಸ್ಟ್ರೋ ಇದನ್ನು ಹಾಡಿದರು. ಕೂಡಲೇ ಬಕ್ಲಿಯ ಹಳೆಯ ರೆಕಾರ್ಡಿಂಗ್ ಅಮೆರಿಕದ ಡೌನ್‌ಲೋಡ್ ಪಟ್ಟಿಯ ತುದಿಗೆ ಹೋಯಿತು.

ಅದೇ ವರ್ಷದ ಕೊನೆಗೆ 'ಎಕ್ಸ್ ಫ್ಯಾಕ್ಟರ್' ಈ ಹಾಡನ್ನು ವಿನ್ನರ್ಸ್ ಸಿಂಗಲ್ ಆಗಿ ಆರಿಸಿಕೊಂಡಿತು.

ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ವಾರದ ನಂಬರ್ ಒನ್ ಹಾಡು ಯಾವುದು ಅನ್ನುವುದು ದೇಶದ ಸುದ್ದಿ. ಅದರ ಮೇಲೆ ಬಾಜಿ ಕಟ್ಟುತ್ತಾರೆ, ಮನೆಮನೆಯಲ್ಲೂ ಮಾತಾಡುತ್ತಾರೆ. 'ಎಕ್ಸ್ ಫ್ಯಾಕ್ಟರ್' ಫೈನಲ್ ಡಿಸೆಂಬರ್ ಮಧ್ಯಕ್ಕೆ ಬಂದು ನಿಂತ ಮೇಲೆ ಆ ಜಾಗ ಗೆದ್ದವರಿಗೇ ಮೀಸಲು ಅನ್ನುವಂತಾಗಿತ್ತು. 2005, 2006, 2007, ಮೂರು ವರ್ಷವೂ ಅವರದೇ. 2008ರ ಡಿಸೆಂಬರ್ 13ರ ಫೈನಲ್‌ನಲ್ಲಿ ಕೊನೆಗೆ ಉಳಿದವರು ಅಲೆಕ್ಸಾಂಡ್ರಾ ಬರ್ಕ್ ಎಂಬ 20 ವರ್ಷದ ಲಂಡನ್ ಹುಡುಗಿ ಮತ್ತು ಜೆಎಲ್‌ಎಸ್ ಎಂಬ ನಾಲ್ಕು ಹುಡುಗರ ತಂಡ. ಒಂದೇ ಸಂಜೆ, ಒಂದೇ ವೇದಿಕೆ ಮೇಲೆ ಎರಡೂ ಕಡೆಯವರು 'ಹಲ್ಲೆಲೂಯ' ಹಾಡಿದರು. ಬರ್ಕ್ ಗೆದ್ದರು.

ಈ ಹುಡುಗಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರ ತಾಯಿ ಮೆಲಿಸಾ ಬೆಲ್, ಸೋಲ್ ಟು ಸೋಲ್ ಎಂಬ ಪ್ರಸಿದ್ಧ ತಂಡದಲ್ಲಿ ಹಾಡಿದವರು. ಬರ್ಕ್ 2005ರಲ್ಲೇ ಇದೇ ಸ್ಪರ್ಧೆಗೆ ಬಂದು, ನೇರ ಪ್ರಸಾರದ ಹಂತ ಮುಟ್ಟುವ ಮೊದಲೇ ಮನೆಗೆ ವಾಪಸ್ ಹೋಗಿದ್ದರು. ಮೂರು ವರ್ಷ ಬಿಟ್ಟು ಮತ್ತೆ ಬಂದರು. ಫೈನಲ್ ದಿನ ಅಮೆರಿಕದ ಪ್ರಸಿದ್ಧ ಗಾಯಕಿ ಬಿಯಾನ್ಸೆ ಪಕ್ಕದಲ್ಲಿ ನಿಂತು ಯುಗಳಗೀತೆ ಹಾಡಿದರು. ಆ ದನಿಯಲ್ಲಿ ಬಲವಿದೆ, ಬೆಚ್ಚಗಿದೆ. ಇದನ್ನು ಯಾರೂ ಅಲ್ಲಗಳೆಯಲಾರರು.

ಇನ್ನು ಅವರ 'ಹಲ್ಲೆಲೂಯ'. ಉದ್ದ ಮೂರೂವರೆ ನಿಮಿಷದ ಆಸುಪಾಸು, ಬಕ್ಲಿ ಹಾಡಿದ್ದರ ಅರ್ಧ. ಅಂದಮೇಲೆ ಕೆಲವು ಚರಣ ಹೋಗಲೇಬೇಕು, ಹೋದವು. ಶುರು ಚೆನ್ನಾಗಿದೆ, ಸದ್ದು ಕಡಿಮೆ, ದನಿ ಹತ್ತಿರ. ಆಮೇಲೆ ವಾದ್ಯಗಳು ಒಂದರ ಹಿಂದೆ ಒಂದು ಸೇರುತ್ತವೆ. ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆಯ ಶೈಲಿಯ ವೃಂದಗಾನ ಬರುತ್ತದೆ. ಕೊನೆಯ ಹೊತ್ತಿಗೆ ಶ್ರುತಿಯನ್ನೇ ಮೇಲೆ ಏರಿಸುತ್ತಾರೆ. ಗೆಲುವಿನ ಹಾಡಿನ ಎಲ್ಲ ನಿಯಮವನ್ನೂ ಚಾಚೂ ತಪ್ಪದೆ ಪಾಲಿಸಿದ್ದಾರೆ.

ನನ್ನ ತಕರಾರು ಆ ಶ್ರುತಿ ಏರಿಸಿದ್ದರ ಮೇಲೆ. ನಮ್ಮ ಕಚೇರಿಗಳಲ್ಲಿ ತಂಬೂರಿ ಮೊದಲಿಂದ ಕೊನೆಯವರೆಗೆ ಒಂದೇ ಶ್ರುತಿಯಲ್ಲಿ ಮೀಟುತ್ತಿರುತ್ತದೆ. ಆ ಕಿವಿಗೆ ಶ್ರುತಿ ಬದಲಾದರೆ ತಟ್ಟನೆ ತಿಳಿಯುತ್ತದೆ. ಪಾಪ್ ಸಂಗೀತದಲ್ಲಿ ಅದು ತಪ್ಪೇನಲ್ಲ. ಎಷ್ಟೋ ಹಾಡುಗಳಲ್ಲಿ ಅದು ಮೈ ಜುಮ್ಮೆನ್ನಿಸುತ್ತದೆ. ಆದರೆ ಈ ಹಾಡಿನೊಳಗೇ ಒಂದು ಏರು ಇದೆ ಅಂತ ಆಗಲೇ ಹೇಳಿದೆನಲ್ಲ? ಪ್ರತಿ ಚರಣದಲ್ಲೂ ಮೆಟ್ಟಿಲು ಹತ್ತಿ, ತುದಿಯಲ್ಲಿ ಆ ಒಂದು ಪದವನ್ನು ಮುಟ್ಟಿ, ಪಲ್ಲವಿಯಲ್ಲಿ ಮತ್ತೆ ಇಳಿಯುತ್ತದೆ. ಏರಿದ್ದು ಇಳಿಯುವುದೇ ಈ ಹಾಡಿನ ಜೀವ. ಹೊರಗಿನಿಂದ ಇನ್ನೊಂದು ಏರನ್ನು ತಂದು ಹಚ್ಚಿದಾಗ ಇಳಿಯುವುದಕ್ಕೆ ಜಾಗವೇ ಉಳಿಯುವುದಿಲ್ಲ. ಸೋತವನ ಸ್ತೋತ್ರ ಗೆದ್ದವರ ಜಯಘೋಷವಾಗಿಬಿಡುತ್ತದೆ.

ಜನರಿಗೆ ಸಿಟ್ಟು ಬಂತು. ಎಲ್ಲರಿಗೂ ಅಲ್ಲ, ಆದರೆ ಸಿಟ್ಟು ಬಂದವರಿಗೆ ಚೆನ್ನಾಗೇ ಬಂತು. ಬಕ್ಲಿಯ ಹಾಡನ್ನೇ ನಂಬರ್ ಒನ್ ಮಾಡೋಣ ಅಂತ ಇಂಟರ್‌ನೆಟ್ಟಿನಲ್ಲಿ ಪ್ರಚಾರ ಶುರುವಾಯಿತು. ಕೆಲವು ವರ್ಷ ಹಿಂದಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಅಂಗಡಿಯಲ್ಲಿ ಸಿಂಗಲ್ ಇಲ್ಲದ ಹಾಡು ಪಟ್ಟಿಗೆ ಬರುವ ಹಾಗಿರಲಿಲ್ಲ. 2007ರಿಂದ ಬ್ರಿಟನ್ನಿನಲ್ಲಿ ನಿಯಮ ಬದಲಾಗಿ, ಬರೀ ಡೌನ್‌ಲೋಡ್ ಆದರೂ ಲೆಕ್ಕಕ್ಕೆ ಸೇರುತ್ತಿತ್ತು. ಹಾಗಾಗಿ 14 ವರ್ಷ ಹಳೆಯ ಹಾಡೂ ಕಣಕ್ಕೆ ಇಳಿಯಬಹುದಾಯಿತು.

ಕ್ರಿಸ್‌ಮಸ್ ವಾರದ ಪಟ್ಟಿ ಹೀಗಿತ್ತು. ಮೊದಲ ಸ್ಥಾನದಲ್ಲಿ ಬರ್ಕ್, ಮೊದಲ ವಾರದ ಮಾರಾಟ 5 ಲಕ್ಷ 76 ಸಾವಿರ. ಎರಡನೇ ಸ್ಥಾನದಲ್ಲಿ ಬಕ್ಲಿ. 36ನೇ ಸ್ಥಾನದಲ್ಲಿ ಕೋಹೆನ್, 1984ರ ರೆಕಾರ್ಡಿಂಗ್. ಒಂದೇ ಹಾಡು ಮೊದಲ ಎರಡೂ ಸ್ಥಾನದಲ್ಲಿ ಇದ್ದದ್ದು ಬ್ರಿಟನ್ನಿನಲ್ಲಿ 1957ರ ನಂತರ ಅದೇ ಮೊದಲು.

ಇನ್ನೊಂದು ವಿಷಯ. ಬರ್ಕ್ ಹಾಡು ಬಂದದ್ದು ಸೈಕೋ ಎಂಬ ಲೇಬಲ್ಲಿನಿಂದ, ಅಂದರೆ ರೆಕಾರ್ಡ್ ಕಂಪನಿಯಿಂದ. ಅದು ಸೋನಿ ಸಮೂಹದ್ದು. ಬಕ್ಲಿ ಮತ್ತು ಕೋಹೆನ್ ಹಾಡುಗಳು ಕೊಲಂಬಿಯಾದ್ದು. ಅದೂ ಸೋನಿಯದ್ದೇ. ಬರ್ಕ್ ಪರ ಕೊಂಡವರೂ ವಿರೋಧಿಸಿ ಕೊಂಡವರೂ ದುಡ್ಡು ಹಾಕಿದ್ದು ಒಂದೇ ಪೆಟ್ಟಿಗೆಗೆ. ಹಿಂದೆ ಈ ಹಾಡಿದ್ದ ಆಲ್ಬಮ್ ಬೇಡ ಅಂದಿದ್ದೂ ಅದೇ ಕೊಲಂಬಿಯಾ ಅಲ್ವಾ? ಆ ಜನ ಅಂದು ಬೇಡ ಅಂದ ಹಾಡು ಈಗ ಹೀಗೆ ಗೆದ್ದದ್ದು ಕಂಡು ತನಗೆ ಸೇಡು ತೀರಿದಂಥ ಸಣ್ಣ ಖುಷಿಯಾಯಿತು ಎಂಬ ಅರ್ಥದ ಮಾತನ್ನು ಕೋಹೆನ್ ಆಮೇಲೆ ಸಂದರ್ಶನವೊಂದರಲ್ಲಿ ಹೇಳಿದರು. ಹಾಡು ಒಳ್ಳೆಯದೇ, ಆದರೆ ಅದನ್ನು ತುಂಬಾ ಜನ ಹಾಡುತ್ತಿದ್ದಾರೆ ಅಂತಲೂ ಅಂದರು.

ಬಕ್ಲಿಯ ಅಭಿಮಾನಿಗಳು ಆಗ ಬರ್ಕ್ ಅವರನ್ನು ಬೈದದ್ದು ನನಗೆ ಒಪ್ಪಿಗೆಯಿಲ್ಲ. ನಾನೂ ಬಕ್ಲಿಯ ಅಭಿಮಾನಿಯೇ. ಆದರೆ ಬಕ್ಲಿ ಹಾಡಿದ್ದೂ ಇನ್ನೊಬ್ಬರ ಹಾಡನ್ನು, ಮತ್ತೊಬ್ಬರು ಆರಿಸಿಕೊಟ್ಟ ಚರಣಗಳಲ್ಲಿ. ಇಲ್ಲಿ ಮೂಲದವರು, ನಕಲಿನವರು ಅಂತ ಗೆರೆ ಎಳೆಯಲು ಹೋದರೆ ಗೆರೆ ನಿಲ್ಲುವುದಿಲ್ಲ. ವ್ಯತ್ಯಾಸ ಇರುವುದು ಸಮಯದಲ್ಲಿ. ಕೋಹೆನ್‌ಗೆ ಬರೆಯಲು ವರ್ಷಗಳು ಸಿಕ್ಕವು. ಕೇಲ್‌ಗೆ ಹದಿನೈದು ಪುಟ ಮುಂದಿಟ್ಟುಕೊಂಡು ಆರಿಸುವ ಪುರುಸೊತ್ತಿತ್ತು. ಬಕ್ಲಿಗೆ ತಪ್ಪಿದರೂ ಯಾರೂ ಲೆಕ್ಕ ಇಡದ ಒಂದು ಕಾಫಿ ಅಂಗಡಿಯಿತ್ತು. ಬರ್ಕ್‌ಗೆ ಏನಿತ್ತು? ಪ್ರತಿ ಶನಿವಾರ ಹೊಸ ಹಾಡು ಕಲಿತು ಕೋಟಿಗಟ್ಟಲೆ ಜನರ ಮುಂದೆ ಹಾಡುವ ಓಟದ ನಡುವೆ ಬಂದು ಬಿದ್ದ ಒಂದು ರೆಕಾರ್ಡಿಂಗ್. ತಾನು ಗೆಲ್ಲುತ್ತೇನೋ ಇಲ್ಲವೋ ಅಂತಲೇ ಗೊತ್ತಿಲ್ಲದಾಗ ಹಾಡಿದ ಗೆಲುವಿನ ಹಾಡು ಅದು. ಎಲೋಫ್ಸನ್ ಹಾಡುಗಳು ಅಂಥ ಅವಸರವನ್ನು ತಡೆದುಕೊಳ್ಳುತ್ತವೆ, ಅದಕ್ಕೆಂದೇ ಹುಟ್ಟಿದವು. 'ಹಲ್ಲೆಲೂಯ' ತಡೆದುಕೊಳ್ಳುವುದಿಲ್ಲ. ಅದನ್ನು ಗಂಟಲಲ್ಲಿ ಕೂರಿಸಿಕೊಳ್ಳಲು ದಿನ ಬೇಕು. ನಮ್ಮಲ್ಲಿ ಒಂದು ಕೃತಿಯನ್ನು ಪಾಠ ಮಾಡಿಸಿದ ಗುರುಗಳು ವರ್ಷವಾದರೂ ವೇದಿಕೆ ಮೇಲೆ ಹಾಡಲು ಬಿಡುವುದಿಲ್ಲ ಅಲ್ವಾ, ಸುಮ್ನೆ ಅಲ್ಲ ಅದು.

ಪಿಯಾನೋ ಒಂದೇ ಇಟ್ಟು, ಶ್ರುತಿ ಏರಿಸದೆ, ಎಲ್ಲ ಚರಣವನ್ನೂ ಬರ್ಕ್ ಕೈಲಿ ಹಾಡಿಸಿದ್ದರೆ ಹೇಗಿರುತ್ತಿತ್ತು ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ. ಆ ಮೊದಲ ಚರಣ ಕೇಳಿದರೆ ಆಕೆಯಿಂದ ಅದು ಆಗುತ್ತಿತ್ತು ಅಂತ ಗಟ್ಟಿಯಾಗಿ ಅನ್ನಿಸುತ್ತದೆ.

ಮರುವರ್ಷ ಜಗಳ ಇನ್ನೂ ಜೋರಾಯಿತು. 2009ರಲ್ಲಿ ಗೆದ್ದ ಜೋ ಮೆಕೆಲ್ಡರಿಗೆ ಅಮೆರಿಕದ ಗಾಯಕಿ ಮೈಲಿ ಸೈರಸ್ ಅದೇ ವರ್ಷ ಹಾಡಿದ್ದ 'ದ ಕ್ಲೈಂಬ್' ಹಾಡನ್ನು ಕೊಟ್ಟರು. ಬೇಸತ್ತ ಜನ ಸೇರಿ ರೇಜ್ ಅಗೇನ್ಸ್ಟ್ ದ ಮಷೀನ್ ತಂಡದ 1992ರ ಒಂದು ಅಬ್ಬರದ ಹಾಡನ್ನು ಕೊಂಡು ಕೊಂಡು ಕ್ರಿಸ್‌ಮಸ್ ನಂಬರ್ ಒನ್ ಮಾಡಿದರು. ಸುಮಾರು 50,000 ಪ್ರತಿಗಳ ಅಂತರ. ಆ ತಂಡದ ಲೇಬಲ್ಲೂ ಸೋನಿಯದ್ದೇ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬರು, 'ಸಾರ್, ಆ ಹುಡುಗಿ ಆಮೇಲೆ ಏನಾದರು?' ಅಂತ ಕೇಳಿದರು. ಆಗ ಕೊಟ್ಟ ಉತ್ತರವನ್ನು ಇಲ್ಲೂ ಸೇರಿಸುತ್ತೇನೆ.

2009ರಲ್ಲಿ ಅವರ ಸ್ವಂತ ಹಾಡು 'ಬ್ಯಾಡ್ ಬಾಯ್ಸ್' ನಂಬರ್ ಒನ್ ಆಯಿತು. ಅದು ಕುಣಿಸುವ ಹಾಡು, ಈ ನಿಧಾನದ ಹಾಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಮುಂದೆ ಅವರು ಸಂಗೀತ ನಾಟಕಗಳ ಕಡೆ ಹೋದರು. 2014ರಲ್ಲಿ ಲಂಡನ್ನಿನ ಅಡೆಲ್ಫಿ ಥಿಯೇಟರ್‌ನಲ್ಲಿ 'ದ ಬಾಡಿಗಾರ್ಡ್' ನಾಟಕದ ನಾಯಕಿಯಾದರು. ಅದರ ಕೊನೆಯಲ್ಲಿ ಬರುವುದು 'ಐ ವಿಲ್ ಆಲ್ವೇಸ್ ಲವ್ ಯೂ'. ಡಾಲಿ ಪಾರ್ಟನ್ ಬರೆದು 1974ರಲ್ಲಿ ಹಾಡಿದ್ದು, 1992ರಲ್ಲಿ 'ದ ಬಾಡಿಗಾರ್ಡ್' ಸಿನಿಮಾಕ್ಕೆ ವಿಟ್ನಿ ಹ್ಯೂಸ್ಟನ್ ಮತ್ತೆ ಹಾಡಿ ಲೋಕಕ್ಕೆಲ್ಲ ಗೊತ್ತಾದದ್ದು. ಬರ್ಕ್ ಪಾಲಿಗೆ ಅದೂ ಬೇರೆಯವರ ಹಾಡೇ, ಅದೂ ದೊಡ್ಡವರ ನೆರಳಿದ್ದ ಹಾಡೇ. ಆದರೆ ಈ ಸಲ ಅದನ್ನು ಒಂದು ಸಂಜೆಗೆ ಹಾಡಿ ಮುಗಿಸಬೇಕಿರಲಿಲ್ಲ. ಒಂದು ಪ್ರದರ್ಶನದಲ್ಲಿ ಸರಿಬರದ ಜಾಗವನ್ನು ಮುಂದಿನ ಪ್ರದರ್ಶನದಲ್ಲಿ ತಿದ್ದಿಕೊಳ್ಳಬಹುದಿತ್ತು, ತಿಂಗಳುಗಟ್ಟಲೆ.